ನೀರು ತುಂಬಿದ ಗವಿಯಲ್ಲಿ ಹದಿಮೂರು ಜೀವ



ಧೈರ್ಯವೆಂದರೆ ಏನು? ಬಾವಿಯಲ್ಲಿ ಒಬ್ಬ ಬಿದ್ದನೆಂದು ಕೂಗು ಕೇಳಿದೊಡನೆ ಹಿಂದುಮುಂದು ನೋಡದೆ ಧುಮುಕುವುದೇ ಧೈರ್ಯವೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಅಂಥ ಧುಮುಕಾಟದಿಂದ ಒಂದು ಹೆಣ ಬೀಳಬೇಕಾದ ಕಡೆ ಎರಡು ಮೂರು ಬಿದ್ದ ಸಂಗತಿಗಳೂ ನಮ್ಮ ಹಳ್ಳಿಗಳಿಗೆ ಹೊಸತಲ್ಲ. ಧೈರ್ಯದ ಜೊತೆಗೆ ತಿಳಿವಳಿಕೆ, ಅಭ್ಯಾಸ, ಸಾಮಾನು, ಒಗ್ಗಟ್ಟು ಇವು ನಾಲ್ಕೂ ಸೇರಿದರೆ ಎಂಥ ಕೆಲಸ ಸಾಧ್ಯವೆಂಬುದನ್ನು ತೋರಿಸುವ ಒಂದು ನಿಜಸಂಗತಿಯನ್ನು ಈ ಪಾಠದಲ್ಲಿ ಹೇಳುತ್ತೇವೆ. ಇದು 2018ನೆಯ ಇಸವಿಯಲ್ಲಿ ಥಾಯ್ಲೆಂಡ್ ದೇಶದಲ್ಲಿ ನಡೆಯಿತು. ಅದೂ ನಮ್ಮ ಹಾಗೆಯೇ ಭತ್ತ ಬೆಳೆಯುವ, ಮಳೆಗಾಲವನ್ನು ನಂಬಿ ಬದುಕುವ ನಾಡು. ಓದಬಲ್ಲವರು ಓದಿ, ಉಳಿದವರಿಗೆ ಸಂಜೆ ಕಟ್ಟೆಯ ಮೇಲೆ ಓದಿ ಹೇಳಿರಿ.

ನಡೆದದ್ದೇನು?

ಥಾಯ್ಲೆಂಡಿನ ಉತ್ತರ ತುದಿಯಲ್ಲಿ ಚಿಯಾಂಗ್ ರಾಯ್ ಎಂಬ ಪ್ರಾಂತವಿದೆ. ಅಲ್ಲಿನ ಮೇ ಸಾಯ್ ಊರಿನ ಬಳಿ, ಮಲಗಿದ ಹೆಂಗಸಿನಂತೆ ಕಾಣುವ ಒಂದು ಬೆಟ್ಟ. ಅದರ ಹೊಟ್ಟೆಯಲ್ಲಿ ಥಾಮ್ ಲುವಾಂಗ್ ಎಂಬ ಸುಣ್ಣಕಲ್ಲಿನ ಗವಿ. ಉದ್ದ ಸುಮಾರು 10 ಕಿಲೋಮೀಟರು. ಬೇಸಿಗೆಯಲ್ಲಿ ಒಳಗೆ ನಡೆದುಹೋಗಬಹುದು. ಮಳೆ ಹಿಡಿದರೆ ಬೆಟ್ಟದ ನೀರೆಲ್ಲ ಕಲ್ಲಿನ ಬಿರುಕುಗಳಲ್ಲಿ ಇಳಿದು ಗವಿಯೊಳಗೆ ಹೊಳೆಯಾಗಿ ಹರಿಯುತ್ತದೆ.

2018ರ ಜೂನ್ 23, ಶನಿವಾರ. ಊರಿನ ಕಾಲ್ಚೆಂಡಿನ ತಂಡದ 12 ಹುಡುಗರು ಆಟ ಮುಗಿಸಿ, ಸೈಕಲ್ಲು ತುಳಿದುಕೊಂಡು ಗವಿ ನೋಡಲು ಹೋದರು. ಎಲ್ಲರೂ 11 ವರ್ಷದಿಂದ 17ರ ಒಳಗಿನವರು. ಜೊತೆಗೆ ಆಟ ಕಲಿಸುವ 25 ವರ್ಷದ ತರುಣ. ಅವರು ಒಳಗಿದ್ದಾಗ ಜೋರು ಮಳೆ ಬಿತ್ತು. ಬಂದ ದಾರಿಯಲ್ಲಿ ನೀರು ತುಂಬಿತು. ಹಿಂದಿರುಗಲು ಆಗದೆ ಇನ್ನೂ ಒಳಒಳಕ್ಕೆ ಸರಿದು, ನೀರಿಗಿಂತ ಎತ್ತರವಾದ ಒಂದು ಮಣ್ಣಿನ ಜಗಲಿಯನ್ನು ಹತ್ತಿ ಕುಳಿತರು. ಹೊರಗೆ, ಗವಿಯ ಬಾಯಲ್ಲಿ, ಅವರ ಸೈಕಲ್ಲುಗಳು ಮಾತ್ರ ನಿಂತಿದ್ದುವು. ಆ ರಾತ್ರಿಯೇ ಹುಡುಕಾಟ ಮೊದಲಾಯಿತು.

ಒಳಗಿದ್ದವರ ಬಳಿ ತಿನ್ನಲು ಏನೂ ಇರಲಿಲ್ಲ. ಗೋಡೆಯಿಂದ ತೊಟ್ಟಿಕ್ಕುತ್ತಿದ್ದ ನೀರನ್ನೇ ಕುಡಿದರು. ಮೊದಲು ಭಿಕ್ಷುವಾಗಿದ್ದ ಆ ತರುಣ ಹುಡುಗರಿಗೆ ಧ್ಯಾನ ಹೇಳಿಕೊಟ್ಟು, ಅಳದಂತೆ, ಸುಮ್ಮನೆ ಕುಳಿತು ಶಕ್ತಿ ಉಳಿಸುವಂತೆ ಮಾಡಿದ. ಹೀಗೆ ಅವರು ಕತ್ತಲಲ್ಲಿ ಒಂಬತ್ತು ರಾತ್ರಿ ಕಳೆದರು.

ಗವಿಯಲ್ಲಿ ಮುಳುಗುವುದು ಏಕೆ ಕಠಿಣ?

ಥಾಯ್ಲೆಂಡಿನ ನೌಕಾದಳದವರು ಧೀರರು, ಸಮುದ್ರದಲ್ಲಿ ಪಳಗಿದವರು. ಆದರೂ ಈ ಗವಿ ಅವರನ್ನು ಹಿಂದಕ್ಕೆ ತಳ್ಳಿತು. ಏಕೆಂದರೆ ಸಮುದ್ರದಲ್ಲಿ ಮುಳುಗುವುದೇ ಬೇರೆ, ಗವಿಯಲ್ಲಿ ಮುಳುಗುವುದೇ ಬೇರೆ. ಸಮುದ್ರದಲ್ಲಿ ತೊಂದರೆಯಾದರೆ ಮೇಲಕ್ಕೆ ಏಳಬಹುದು. ಗವಿಯಲ್ಲಿ ತಲೆಯ ಮೇಲೆ ಬಂಡೆ. ಗಾಳಿ ಬೇಕಾದರೆ ಹೋದ ದಾರಿಯಲ್ಲೇ ಹಿಂದಿರುಗಬೇಕು, ಇಲ್ಲವೆ ಮುಂದಿನ ಗಾಳಿಯಿರುವ ಜಾಗವನ್ನು ಮುಟ್ಟಬೇಕು. ನೀರು ಬಗ್ಗಡವಾದ ಕೆಸರು. ಕೈಯಲ್ಲಿ ಬ್ಯಾಟರಿ ಇದ್ದರೂ ಸ್ವಂತ ಬೆರಳು ಕಾಣದು. ಎದುರಿಗೆ ಹೊಳೆಯ ಸೆಳವು. ಕೆಲವೆಡೆ ಒಬ್ಬ ಮನುಷ್ಯ ಮೈ ಕುಗ್ಗಿಸಿಕೊಂಡು ತೂರುವಷ್ಟೇ ಸಂದು.

ಇದಕ್ಕಾಗಿ ಗವಿಯ ಮುಳುಗುಗಾರರು ಕೆಲವು ಕಟ್ಟುಪಾಡುಗಳನ್ನು ಮಾಡಿಕೊಂಡಿದ್ದಾರೆ. ಇವು ನಾವೂ ತಿಳಿಯತಕ್ಕಂಥವು.

ಒಂದನೆಯದು, ದಾರಿಯ ಹಗ್ಗ. ಗವಿಯ ಬಾಯಿಂದ ಹಗ್ಗವನ್ನು ಬಿಚ್ಚುತ್ತ, ಅಲ್ಲಲ್ಲಿ ಕಲ್ಲಿಗೆ ಕಟ್ಟುತ್ತ ಹೋಗುವರು. ಕಣ್ಣು ಕಾಣದಿದ್ದರೂ ಕೈಯಲ್ಲಿ ಹಗ್ಗವಿದ್ದರೆ ಮನೆಯ ದಾರಿ ಇದ್ದಂತೆ.

ಎರಡನೆಯದು, ಮೂರು ಪಾಲಿನ ಲೆಕ್ಕ. ತುಂಬಿದ ಗಾಳಿಯಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಮೂರನೆಯ ಪಾಲು ಆಪತ್ತಿಗೆಂದು ಮೀಸಲು. ಮೊದಲ ಪಾಲು ಮುಗಿದೊಡನೆ, ಗುರಿ ಎಷ್ಟೇ ಹತ್ತಿರವಿದ್ದರೂ, ಹಿಂದಕ್ಕೆ ತಿರುಗಲೇಬೇಕು. ಬಿತ್ತನೆಗೆಂದು ತೆಗೆದಿಟ್ಟ ಬೀಜವನ್ನು ಹಸಿವಾದರೂ ತಿನ್ನದ ರೈತನಿಗೆ ಈ ಲೆಕ್ಕದ ಬೆಲೆ ಗೊತ್ತು.

ಮೂರನೆಯದು, ಎಲ್ಲಕ್ಕೂ ಜೋಡಿ. ಸಿಲಿಂಡರು ಎರಡು, ದೀಪ ಎರಡಕ್ಕಿಂತ ಹೆಚ್ಚು. ಇಕ್ಕಟ್ಟಿನಲ್ಲಿ ತೂರಲು ಅನುಕೂಲವಾಗಲೆಂದು ಸಿಲಿಂಡರುಗಳನ್ನು ಬೆನ್ನಿಗೆ ಕಟ್ಟದೆ ಪಕ್ಕೆಗಳಿಗೆ ಕಟ್ಟಿಕೊಳ್ಳುವುದುಂಟು.

ನಾಲ್ಕನೆಯದು, ಗಾಬರಿಯಾಗದಿರುವುದು. ಗಾಬರಿಯಾದವನು ಹೆಚ್ಚು ಗಾಳಿ ಸೇದುತ್ತಾನೆ. ಗಾಳಿ ಬೇಗ ಮುಗಿಯುತ್ತದೆ. ಸಮಾಧಾನವೂ ಕಲಿತು ರೂಢಿಮಾಡಿಕೊಳ್ಳಬೇಕಾದ ಕಸುಬೇ ಸರಿ.

ಬಂದವರು ಯಾರು?

ಆ ಗವಿಯನ್ನು ಹಲವು ವರ್ಷ ಸುತ್ತಿ ಚೆನ್ನಾಗಿ ಬಲ್ಲ ವರ್ನ್ ಅನ್ಸ್‌ವರ್ತ್ ಎಂಬ ಇಂಗ್ಲೆಂಡಿನವರು ಹತ್ತಿರದಲ್ಲೇ ವಾಸವಾಗಿದ್ದರು. ಈ ಕೆಲಸಕ್ಕೆ ಯಾರು ಬೇಕೆಂಬುದನ್ನು ಅವರು ಹೆಸರು ಸಹಿತ ಹೇಳಿದರು. ಅದರಂತೆ ಜೂನ್ 27ರಂದು ರಿಚರ್ಡ್ ಸ್ಟಾಂಟನ್, ಜಾನ್ ವೊಲಾಂಥನ್ ಮೊದಲಾದವರು ಬಂದಿಳಿದರು.

ಇವರು ಸಂಬಳದ ಮುಳುಗುಗಾರರಲ್ಲ. ಸ್ಟಾಂಟನ್ ಬೆಂಕಿ ಆರಿಸುವ ದಳದಲ್ಲಿ ದುಡಿದು ನಿವೃತ್ತರಾದವರು. ವೊಲಾಂಥನ್ ಕಂಪ್ಯೂಟರ್ ಕೆಲಸದವರು. ಬಳಿಕ ಅವರ ಜೊತೆಗೂಡಿದ ಕ್ರಿಸ್ ಜ್ಯೂಯೆಲ್ ಮತ್ತು ಜೇಸನ್ ಮ್ಯಾಲಿನ್ಸನ್ ಕೂಡ ಬೇರೆ ಬೇರೆ ಉದ್ಯೋಗಗಳಲ್ಲಿದ್ದವರೇ. ರಜಾ ದಿನಗಳಲ್ಲಿ ಗವಿಗಳನ್ನು ಹೊಕ್ಕು ಮುಳುಗುವುದು ಇವರ ಹವ್ಯಾಸ. ಇಂಗ್ಲೆಂಡಿನಲ್ಲಿ ಗವಿಗಳಲ್ಲಿ ಸಿಕ್ಕಿಬಿದ್ದವರನ್ನು ಬಿಡಿಸುವುದು ಸ್ವಯಂಸೇವಕ ದಳಗಳ ಕೆಲಸ. 2004ರಲ್ಲಿ ಮೆಕ್ಸಿಕೋ ದೇಶದ ಒಂದು ಗವಿಯಲ್ಲಿ ನೀರೇರಿ ಸಿಕ್ಕಿಕೊಂಡ 6 ಮಂದಿಯನ್ನು ಸ್ಟಾಂಟನ್ ಮತ್ತು ಮ್ಯಾಲಿನ್ಸನ್ ಹೊರತಂದಿದ್ದರು. ಮೂವತ್ತು ನಲವತ್ತು ವರ್ಷದ ಹವ್ಯಾಸ ಹೀಗೆ ಪರರ ಜೀವಕ್ಕೆ ಆಸರೆಯಾಯಿತು.

ಬಂದ ಮೊದಲಲ್ಲೇ ಅವರಿಗೊಂದು ಪಾಠವಾಯಿತು. ಗವಿಯ ಮುಂಭಾಗದಲ್ಲೇ ನೀರೇರಿ ನಾಲ್ವರು ಕೆಲಸಗಾರರು ಒಳಗೆ ಸಿಕ್ಕಿಬಿದ್ದಿದ್ದರು. ಸ್ವಲ್ಪ ದೂರವಷ್ಟೇ ನೀರಿನೊಳಗೆ ಅವರನ್ನು ಕರೆತರಬೇಕಾಗಿತ್ತು. ಅಷ್ಟರಲ್ಲೇ ದೊಡ್ಡವರಾದ ಅವರೂ ಗಾಬರಿಯಿಂದ ಒದ್ದಾಡಿದರು. ಇನ್ನು ಮಕ್ಕಳನ್ನು ಗಂಟೆಗಟ್ಟಲೆ ನೀರಿನೊಳಗೆ ತರುವುದು ಹೇಗೆ? ಈ ಪ್ರಶ್ನೆ ಅಂದೇ ಹುಟ್ಟಿತು.

ಸಿಕ್ಕಿದರು!

ಮಳೆ ಸ್ವಲ್ಪ ತಗ್ಗಿದ ಮೇಲೆ ಜುಲೈ 2ರಂದು ಸ್ಟಾಂಟನ್ ಮತ್ತು ವೊಲಾಂಥನ್ ಹಗ್ಗ ಬಿಡುತ್ತ ಒಳಕ್ಕೆ ಸಾಗಿದರು. ಗಾಳಿ ಇರುವ ಜಾಗ ಬಂದಾಗಲೆಲ್ಲ ತಲೆ ಎತ್ತಿ ಕೂಗಿದರು; ಮೂಸಿ ನೋಡಿದರು. ಒಂದು ಕಡೆ ವಾಸನೆ ಬಂತು. ಬೆಳಕು ಬಿಟ್ಟು ನೋಡಿದರೆ ಜಗಲಿಯಿಂದ ಮಕ್ಕಳು ಒಬ್ಬೊಬ್ಬರಾಗಿ ಇಳಿದುಬರುತ್ತಿದ್ದರು. ಎಷ್ಟು ಮಂದಿ ಇದ್ದೀರೆಂದು ವೊಲಾಂಥನ್ ಕೇಳಿದರು. ಹದಿಮೂರು ಎಂಬ ಉತ್ತರ ಬಂತು. ಅಷ್ಟೂ ಜನ ಬದುಕಿದ್ದರು! ಗವಿಯ ಬಾಯಿಂದ ಆ ಜಾಗ ಸುಮಾರು 4 ಕಿಲೋಮೀಟರು.

ಮರುದಿನ ನೌಕಾದಳದ ಮೂವರು ಮತ್ತು ಸೇನೆಯ ಒಬ್ಬ ವೈದ್ಯರು ಒಳಗೆ ಹೋಗಿ ಮಕ್ಕಳ ಜೊತೆಗೇ ಉಳಿದರು. ಹೊರಬರುವುದು ಖಚಿತವಿಲ್ಲದ ಕಡೆ ತಾವಾಗಿ ಹೋಗಿ ಕುಳಿತ ಈ ನಾಲ್ವರ ಧೈರ್ಯವೂ ಚಿಕ್ಕದಲ್ಲ.

ತರುವ ದಾರಿ ಯಾವುದು?

ಕಂಡುಹಿಡಿಯುವುದು ಒಂದು ಕೆಲಸ, ಹೊರತರುವುದು ಅದಕ್ಕಿಂತ ದೊಡ್ಡ ಕೆಲಸ. ಬೆಟ್ಟವನ್ನು ಮೇಲಿನಿಂದ ಕೊರೆಯೋಣವೆಂದರೆ ಬಂಡೆ ನೂರಾರು ಮೀಟರು ದಪ್ಪ. ಮಳೆಗಾಲ ಮುಗಿಯುವವರೆಗೆ ಅಲ್ಲೇ ಇರಿಸೋಣವೆಂದರೆ ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಜಗಲಿಯೇ ಮುಳುಗಬಹುದು. ಒಳಗಿನ ಗಾಳಿಯಲ್ಲಿ ಪ್ರಾಣವಾಯು 21 ಪಾಲಿನ ಬದಲು 15 ಪಾಲಿಗೆ ಇಳಿದಿತ್ತು. ದೊಡ್ಡ ಮಳೆ ಮತ್ತೆ ಬರುವ ಸೂಚನೆಯೂ ಇತ್ತು. ಉಳಿದದ್ದು ಒಂದೇ ದಾರಿ: ನೀರಿನೊಳಗೇ ತರುವುದು.

ಈಗ ಇಬ್ಬರು ಆಸ್ಟ್ರೇಲಿಯಾದವರು ಬಂದರು. ರಿಚರ್ಡ್ ಹ್ಯಾರಿಸ್ ಎಂಬವರು ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಗೆ ಮಂಪರು ಬರಿಸುವ ವೈದ್ಯರು, ಜೊತೆಗೆ ಗವಿಯ ಮುಳುಗುಗಾರರು. ಕ್ರೇಗ್ ಚಾಲೆನ್ ನಿವೃತ್ತ ಪಶುವೈದ್ಯರು, ಅವರೂ ಮುಳುಗುಗಾರರು. ಮಕ್ಕಳಿಗೆ ಮದ್ದು ಕೊಟ್ಟು ಎಚ್ಚರ ತಪ್ಪಿಸಿ, ಮುಖಕ್ಕೆ ಪೂರ್ತಿ ಮುಖವಾಡ ಹಾಕಿ, ಗಂಟುಮೂಟೆಯಂತೆ ಹೊರತರಬೇಕೆಂಬ ಉಪಾಯವನ್ನು ಸ್ಟಾಂಟನ್ ಮುಂದಿಟ್ಟಾಗ ಹ್ಯಾರಿಸ್ ಮೊದಲು ಒಪ್ಪಲಿಲ್ಲ. ಆಸ್ಪತ್ರೆಯಲ್ಲಿ ಕಣ್ಣೆದುರಿಗಿರುವ ರೋಗಿಗೇ ಎಚ್ಚರಿಕೆಯಿಂದ ಕೊಡುವ ಮದ್ದು ಅದು. ಆದರೆ ಬೇರೆ ದಾರಿಯಲ್ಲಿ ಎಲ್ಲರೂ ಸಾಯುವುದು ಖಂಡಿತವೆಂದು ಕಂಡ ಮೇಲೆ ಒಪ್ಪಿದರು. ಕೆಲವು ಮಕ್ಕಳಾದರೂ ದಾರಿಯಲ್ಲಿ ಸಾಯುವರೆಂದೇ ಅವರು ಅಂಜಿದ್ದರು. ಆ ಅಂಜಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೈ ನಡುಗದಂತೆ ಕೆಲಸ ಮಾಡಿದರು.

ಮೊದಲೇ ಅಭ್ಯಾಸ

ನೇರವಾಗಿ ಗವಿಗೆ ಇಳಿಯಲಿಲ್ಲ. ಊರಿನ ಶಾಲೆಯ ಈಜುಕೊಳದಲ್ಲಿ, ಅಷ್ಟೇ ಎತ್ತರದ ಮಕ್ಕಳಿಗೆ ಮುಖವಾಡ ಹಾಕಿ ನೀರಿನೊಳಗೆ ಒಯ್ದು ನೋಡಿದರು. ನೀರು ಒಳನುಗ್ಗದಂತೆ ಮುಖವಾಡದೊಳಗೆ ಗಾಳಿಯ ಒತ್ತಡ ಹೆಚ್ಚಾಗಿರುವಂತೆ ನೋಡಿಕೊಂಡರು. ಮದ್ದಿನ ಗುಣ ಒಂದು ಗಂಟೆಯೊಳಗೆ ಇಳಿಯುತ್ತಿತ್ತು. ದಾರಿ ಮೂರು ಗಂಟೆಯದು. ಆದ್ದರಿಂದ ನಡುದಾರಿಯಲ್ಲಿ ಮುಳುಗುಗಾರರೇ ಸೂಜಿ ಚುಚ್ಚಬೇಕಾಗಿತ್ತು. ಎಂದೂ ಸೂಜಿ ಹಿಡಿಯದ ಅವರು ಪ್ಲಾಸ್ಟಿಕ್ ಸೀಸೆಗೆ ಚುಚ್ಚಿ ಕಲಿತರು. ಇಡೀ ಕೆಲಸದ ಸರದಿಯನ್ನು ನೆಲದ ಮೇಲೆ ಸೀಸೆಗಳನ್ನಿಟ್ಟು, ಯಾರು ಎಲ್ಲಿ ನಿಲ್ಲಬೇಕು, ಯಾರ ಕೈಯಿಂದ ಯಾರ ಕೈಗೆ ಎಂದು ನಡೆದು ತೋರಿಸಿ ಅಭ್ಯಾಸ ಮಾಡಿದರು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮ್ಮಲ್ಲಿದೆ. ಇವರು ಬೆಂಕಿ ಉರಿಯುತ್ತಿರುವಾಗಲೂ ಒಂದು ದಿನ ನಿಂತು ಹಗ್ಗ ಗಡಿಗೆಗಳನ್ನು ಸರಿನೋಡಿಕೊಂಡವರು.

ಮೂರು ದಿನದ ಕೆಲಸ

ಜುಲೈ 8ರಂದು ಕೆಲಸ ಮೊದಲಾಯಿತು. ಒಳಗೆ ಡಾಕ್ಟರ್ ಹ್ಯಾರಿಸ್ ಒಬ್ಬೊಬ್ಬ ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮದ್ದು ಚುಚ್ಚುವರು. ಎಚ್ಚರ ತಪ್ಪಿದ ಮೇಲೆ ಮುಖವಾಡ ಬಿಗಿದು, ನಡುವೆ ಎಚ್ಚರವಾದರೆ ಮುಖವಾಡ ಕೀಳದಿರಲೆಂದು ಕೈಗಳನ್ನು ಹಿಂದಕ್ಕೆ ಕಟ್ಟುವರು. ಒಬ್ಬ ಹುಡುಗನಿಗೆ ಒಬ್ಬ ಮುಳುಗುಗಾರ. ಒಂದು ಕೈಯಲ್ಲಿ ಹುಡುಗ, ಇನ್ನೊಂದು ಕೈಯಲ್ಲಿ ಹಗ್ಗ. ಹುಡುಗನ ಉಸಿರಿನ ಗುಳ್ಳೆ ಏಳುತ್ತಿದೆಯೇ ಎಂದು ಕ್ಷಣಕ್ಷಣಕ್ಕೂ ಕಿವಿಗೊಟ್ಟು ಆಲಿಸುವುದು. ಬಂಡೆಗೆ ಮೊದಲು ತನ್ನ ತಲೆ ತಾಗಲಿ, ಹುಡುಗನದು ಬೇಡ ಎಂದು ತಾನು ಮುಂದೆ ಸಾಗುವುದು. ದಾರಿಯ ಗಾಳಿ ಇರುವ ಜಾಗಗಳಲ್ಲಿ ಬೇರೆ ಮುಳುಗುಗಾರರು ಹೊಸ ಸಿಲಿಂಡರುಗಳೊಡನೆ ಕಾದಿದ್ದರು. ಮೂರನೆಯ ಅಂಕಣಕ್ಕೆ ಬಂದ ಮೇಲೆ ನೂರಾರು ಜನ ಸಾಲು ನಿಂತು, ಮಕ್ಕಳನ್ನು ಡೋಲಿಯಲ್ಲಿ ಮಲಗಿಸಿ, ಕೈಯಿಂದ ಕೈಗೆ ದಾಟಿಸಿ, ಹಗ್ಗದ ಮೇಲೆ ಜಾರಿಸಿ ಹೊರತಂದರು.

ಮೊದಲ ದಿನ ನಾಲ್ವರು, ಮರುದಿನ ನಾಲ್ವರು, ಜುಲೈ 10ರಂದು ಉಳಿದ ನಾಲ್ವರು ಹುಡುಗರು ಮತ್ತು ಆ ತರುಣ ಹೊರಬಂದರು. ಕಡೆಯ ದಿನ ಕ್ರಿಸ್ ಜ್ಯೂಯೆಲ್ ಅವರ ಕೈಯಿಂದ ಹಗ್ಗ ತಪ್ಪಿತು. ಸುತ್ತ ಕತ್ತಲು, ತೋಳಿನಲ್ಲಿ ಎಚ್ಚರವಿಲ್ಲದ ಹುಡುಗ. ಅವರು ಬಡಬಡಿಸಲಿಲ್ಲ. ನಿಧಾನವಾಗಿ ತಡಕಿದಾಗ ಒಂದು ವಿದ್ಯುತ್ ತಂತಿ ಸಿಕ್ಕಿತು. ಅದನ್ನೇ ಹಿಡಿದು ಹೋಗಿ ಹಿಂದಿನ ಗಾಳಿಯ ಜಾಗದಲ್ಲಿ ತಲೆ ಎತ್ತಿದರು. ಹಿಂದಿನಿಂದ ಬಂದ ಜೊತೆಗಾರರು ಕೈಗೂಡಿಸಿದರು. ಆ ಹುಡುಗನೂ ಉಳಿದ.

ಹದಿಮೂರೂ ಜೀವ ಉಳಿದುವು. ಎಲ್ಲರೂ ಹೊರಬಂದ ಹೊತ್ತಿಗೇ ದೊಡ್ಡ ಪಂಪು ಕೆಟ್ಟು ಗವಿಯಲ್ಲಿ ನೀರು ಏರತೊಡಗಿತು. ಕಡೆಗೆ ಉಳಿದಿದ್ದವರು ಓಡಿ ಹೊರಬಂದರು.

ಇದಕ್ಕೆ ತೆತ್ತ ಬೆಲೆಯನ್ನು ಮರೆಯಬಾರದು. ನೌಕಾದಳ ಬಿಟ್ಟು ಬೇರೆ ಕೆಲಸದಲ್ಲಿದ್ದ ಸಮನ್ ಕುನಾನ್ ಎಂಬವರು ತಾವಾಗಿ ಬಂದು ಸೇರಿದ್ದರು. ದಾರಿಯುದ್ದಕ್ಕೂ ಗಾಳಿಯ ಸಿಲಿಂಡರುಗಳನ್ನು ಇಟ್ಟು ಹಿಂದಿರುಗುವಾಗ ಜುಲೈ 6ರಂದು ನೀರಿನಲ್ಲೇ ತೀರಿಕೊಂಡರು. ನೌಕಾದಳದ ಬೈರುತ್ ಪಾಕ್ಬಾರಾ ಅವರಿಗೆ ಆ ಕೆಲಸದಲ್ಲಿ ರಕ್ತಕ್ಕೆ ನಂಜು ತಗುಲಿ, 2019ರ ಡಿಸೆಂಬರಿನಲ್ಲಿ ಪ್ರಾಣ ಹೋಯಿತು.

ರೈತರ ಪಾಲು

ಮುಳುಗುಗಾರರ ಹೆಸರು ಜಗತ್ತಿಗೆಲ್ಲ ತಿಳಿಯಿತು. ಆದರೆ ನೀರು ತಗ್ಗದಿದ್ದರೆ ಅವರ ಜಾಣತನವೂ ಸಾಗುತ್ತಿರಲಿಲ್ಲ. ಗವಿಯಿಂದ ಹಗಲಿರುಳು ಪಂಪು ಮಾಡಿ ತೆಗೆದ ನೀರು ನೂರು ಕೋಟಿ ಲೀಟರಿಗೂ ಹೆಚ್ಚು. ಸುಮಾರು 247 ಎಕರೆ ಗದ್ದೆಯಲ್ಲಿ ಒಂದು ಮೀಟರು ಎತ್ತರ ನಿಲ್ಲುವಷ್ಟು ನೀರೆಂದು ಲೆಕ್ಕಹಾಕಿರಿ. ಬೆಟ್ಟದ ಮೇಲೆ ಹಳ್ಳಗಳಿಗೆ ಅಡ್ಡಗಟ್ಟಿ, ಕೊಳವೆಗಳಲ್ಲಿ ನೀರನ್ನು ಬೇರೆ ಕಡೆಗೆ ತಿರುಗಿಸಿದರು. ನಮ್ಮ ದೇಶದ ಕಿರ್ಲೋಸ್ಕರ್ ಸಂಸ್ಥೆಯ ತಜ್ಞರೂ ಅಲ್ಲಿಗೆ ಹೋಗಿ ಪಂಪುಗಳ ವಿಷಯದಲ್ಲಿ ಸಲಹೆ ಕೊಟ್ಟರು. ಆ ಸಂಸ್ಥೆಯನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ.

ಇಷ್ಟು ನೀರು ಹೋದದ್ದೆಲ್ಲಿಗೆ? ಕೆಳಗಿನ ರೈತರ ಗದ್ದೆಗಳಿಗೆ. ಆಗಷ್ಟೇ ನೆಟ್ಟ ಪೈರು ಮುಳುಗಿಹೋಯಿತು. ನಾಟಿಮಾಡಿದ ಗದ್ದೆ ಕಣ್ಣೆದುರು ಮುಳುಗುವುದೆಂದರೆ ಏನೆಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಆ ರೈತರು ಪಂಪು ನಿಲ್ಲಿಸಿ ಎನ್ನಲಿಲ್ಲ. ಸರ್ಕಾರ ಪರಿಹಾರ ಕೊಡುತ್ತೇವೆಂದಾಗ ಕೆಲವರು ಬೇಡವೆಂದರು. ಭತ್ತ ಮತ್ತೆ ನೆಡಬಹುದು, ಮಕ್ಕಳನ್ನು ಮತ್ತೆ ತರಲಾಗದು ಎಂಬುದು ಅವರ ಲೆಕ್ಕ. ಊರಿನ ಹೆಂಗಸರು ಸಾವಿರಾರು ಜನಕ್ಕೆ ಅನ್ನ ಬೇಯಿಸಿದರು. ಬಟ್ಟೆ ಒಗೆಯುವ ಅಂಗಡಿಯವರು ಕೆಸರಾದ ಉಡುಪುಗಳನ್ನು ರಾತ್ರಿ ಒಯ್ದು ಬೆಳಗಾಗುವುದರೊಳಗೆ ಒಗೆದು ಕೊಟ್ಟರು. ನೀರಿಗೆ ಇಳಿಯದೆಯೂ ಜೀವ ಉಳಿಸುವ ಕೆಲಸದಲ್ಲಿ ಪಾಲುಗೊಳ್ಳಬಹುದೆಂಬುದಕ್ಕೆ ಇದೇ ಸಾಕ್ಷಿ.

ನಾವು ಕಲಿಯಬೇಕಾದ್ದು

ನಮ್ಮೂರಿನಲ್ಲಿ ಅಂಥ ಗವಿ ಇಲ್ಲದಿರಬಹುದು. ಆದರೆ ಹಾಳು ಬಾವಿ, ಗೋಬರ್ ಗ್ಯಾಸಿನ ಗುಂಡಿ, ಕೃಷಿಹೊಂಡ, ಕೆರೆ ಇವು ಎಲ್ಲೆಡೆ ಇವೆ. ಆದ್ದರಿಂದ ಈ ಮಾತುಗಳನ್ನು ಮನಸ್ಸಿನಲ್ಲಿಡಿ.

1. ಬಹುಕಾಲ ಬಳಸದ ಬಾವಿಗೂ ಮುಚ್ಚಿದ ಗುಂಡಿಗೂ ಇಳಿಯಬೇಡಿ. ಅಲ್ಲಿ ಪ್ರಾಣವಾಯು ಕಡಮೆ ಇರಬಹುದು, ವಿಷಗಾಳಿ ನಿಂತಿರಬಹುದು. ಇಳಿದವನು ಕೂಗದೆ ಬಿದ್ದನೆಂದರೆ, ಎತ್ತಲು ಹೋದವನೂ ಹಾಗೆಯೇ ಬೀಳುತ್ತಾನೆ. ದೀಪ ಇಳಿಸಿ ನೋಡುವ ಹಳೆಯ ಪರೀಕ್ಷೆಯನ್ನು ನಂಬಬೇಡಿ. ದೀಪ ಉರಿದರೂ ವಿಷಗಾಳಿ ಇರಬಹುದು. ಗೋಬರ್ ಗ್ಯಾಸಿನ ಗುಂಡಿಯ ಬಳಿಯಂತೂ ಬೆಂಕಿಯೇ ಕೂಡದು.

2. ಬಾವಿಯೊಳಗೆ ಎಣ್ಣೆ ಎಂಜಿನ್ನು ಇಟ್ಟು ನಡೆಸಬೇಡಿ. ಅದರ ಹೊಗೆಯಲ್ಲಿ ಬಣ್ಣ ವಾಸನೆಗಳಿಲ್ಲದ ವಿಷಗಾಳಿ ಇರುತ್ತದೆ.

3. ನೀರಿಗೆ ಬಿದ್ದವನಿಗೆ ಮೊದಲು ಹಗ್ಗ, ಬಿದಿರು, ಗಾಳಿ ತುಂಬಿದ ಟ್ಯೂಬು, ಖಾಲಿ ಕ್ಯಾನು ಇವುಗಳಲ್ಲಿ ಸಿಕ್ಕಿದ್ದನ್ನು ಎಸೆಯಿರಿ. ಈಜು ಬಾರದವರು, ಬಿಡಿಸುವ ಕ್ರಮ ತಿಳಿಯದವರು ಧುಮುಕಬೇಡಿ.

4. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದ ಅಂಚು ಜಾರುತ್ತದೆ. ಬಿದ್ದ ಮಗು ಹತ್ತಿಬರಲಾರದು. ಸುತ್ತ ಬೇಲಿ ಹಾಕಿ. ಗಂಟು ಹಾಕಿದ ಹಗ್ಗವೊಂದನ್ನು ಗೂಟಕ್ಕೆ ಕಟ್ಟಿ ಒಳಕ್ಕೆ ಸದಾ ಇಳಿಬಿಟ್ಟಿರಿ.

5. ನೀರು ಬಾರದ ಕೊಳವೆಬಾವಿಯನ್ನು ಒಂದು ದಿನವೂ ತೆರೆದಿಡಬೇಡಿ.

6. ಆಪತ್ತಿನಲ್ಲಿ 112ಕ್ಕೆ ಕೂಡಲೆ ಕರೆಮಾಡಿ. ಅಗ್ನಿಶಾಮಕ ದಳಕ್ಕೆ 101. ಕರೆದ ಮೇಲೆ ಒಬ್ಬರು ರಸ್ತೆಯಲ್ಲಿ ನಿಂತು ದಾರಿ ತೋರಿಸಿ.

7. ಊರಿನ ಯುವಕ ಸಂಘದವರು ದಪ್ಪ ಹಗ್ಗ, ಟ್ಯೂಬು, ಬ್ಯಾಟರಿಗಳನ್ನು ಎಲ್ಲರಿಗೂ ತಿಳಿದ ಒಂದು ಮನೆಯಲ್ಲಿ ಸಿದ್ಧವಾಗಿಡಲಿ. ಮಳೆಗಾಲಕ್ಕೆ ಮುಂಚೆ ಒಂದು ಸಲ ತೆಗೆದು ಪರೀಕ್ಷಿಸಲಿ. ಮಕ್ಕಳಿಗೆ ಈಜು ಕಲಿಸುವ ಏರ್ಪಾಡೂ ಆಗಲಿ.

ಕಟ್ಟೆಯ ಮೇಲೆ ಚರ್ಚಿಸಲು

ನಮ್ಮ ಊರಿನಲ್ಲಿ ತೆರೆದ ಕೊಳವೆಬಾವಿ, ಕಟ್ಟೆಯಿಲ್ಲದ ಬಾವಿ ಎಷ್ಟಿವೆ? ಅವು ಯಾರ ಹೊಲದಲ್ಲಿವೆ? ಒಬ್ಬ ಹುಡುಗ ಇಂದು ಸಂಜೆ ಹೊಂಡಕ್ಕೆ ಬಿದ್ದರೆ ಹಗ್ಗ ಯಾರ ಮನೆಯಲ್ಲಿದೆ? ನಮ್ಮಲ್ಲಿ ಈಜು ಬಲ್ಲವರು ಯಾರು ಯಾರು? ಮುಳುಗುಗಾರರ ಮೂರು ಪಾಲಿನ ಲೆಕ್ಕವನ್ನು ನಮ್ಮ ಬೇಸಾಯದಲ್ಲಿ ಎಲ್ಲಿ ಅನ್ವಯಿಸಬಹುದು?

ಈ ಪ್ರಶ್ನೆಗಳಿಗೆ ಉತ್ತರವನ್ನು ಈ ವಾರದಲ್ಲೇ ಹುಡುಕಿರಿ. ಥಾಮ್ ಲುವಾಂಗಿನ ಮಕ್ಕಳನ್ನು ಕಾಪಾಡಿದವರು ಸಮುದ್ರ ದಾಟಿ ಬಂದರು. ನಮ್ಮ ಹೊಂಡದಲ್ಲಿ ಬಿದ್ದ ಮಗುವಿಗೆ ಅಷ್ಟು ಹೊತ್ತು ಕಾಯುವ ಶಕ್ತಿ ಇರುವುದಿಲ್ಲ. ಅದಕ್ಕೆ ಹತ್ತಿರವಿರುವವರು ನಾವೇ.